ಒಂದೇ ಶ್ವಾಸಕೋಶ, ನಾಲ್ಕು ದಶಕಗಳ ಗಾಯನ: ಸುಳೇಭಾವಿಯ ಕುಮಾರ ಗಂಧರ್ವ

ಬೆಳಗಾವಿಯಿಂದ ಮೀರಜ ಕಡೆಗೆ ಹೊರಟ ರೈಲು ಸಾಂಬ್ರಾ ದಾಟಿದ ಮೇಲೆ ಸುಳೇಭಾವಿ, ಸುಳಧಾಳ, ಪಾಶ್ಚಾಪುರ, ಗೋಕಾಕ ರೋಡ, ಘಟಪ್ರಭಾ ಎಂದು ಸಾಗುತ್ತದೆ. ಹುಕ್ಕೇರಿ ತಾಲೂಕಿನವರಿಗೆ ಪಾಶ್ಚಾಪುರ, ಗೋಕಾಕ ಮತ್ತು ಮೂಡಲಗಿ ಕಡೆಯವರಿಗೆ ಮುಂದಿನ ಎರಡು ನಿಲ್ದಾಣಗಳು ಚಿರಪರಿಚಿತ. ಅವುಗಳಿಗೂ ಮೊದಲು ಸಿಗುವ ಸುಳೇಭಾವಿ, ಹಿಂದೂಸ್ತಾನಿ ಸಂಗೀತದ ದಿಕ್ಕನ್ನು ಬದಲಿಸಿದ ಗಾಯಕನ ಜನ್ಮಸ್ಥಳ ಎಂಬುದು ಈ ಮಾರ್ಗದಲ್ಲಿ ದಿನವೂ ಓಡಾಡುವ ಅನೇಕರಿಗೆ ತಿಳಿದಿರಲಿಕ್ಕಿಲ್ಲ.

ಶಿವಪುತ್ರ ಸಿದ್ಧರಾಮಯ್ಯ ಕೋಮಕಲಿ ಅವರು ಇಲ್ಲಿ ಜನಿಸಿದ್ದು 1924ರ ಏಪ್ರಿಲ್ 8ರಂದು. ಲೋಕ ಅವರನ್ನು ಬಲ್ಲದ್ದು ಕುಮಾರ ಗಂಧರ್ವ ಎಂಬ ಹೆಸರಿನಿಂದ. ಇಪ್ಪತ್ಮೂರು ತುಂಬಿದ ಪ್ರಾಯದಲ್ಲಿ ಕ್ಷಯರೋಗ ಅವರ ಎದೆಗೆ ಎರಗಿತು. ಇನ್ನು ಹಾಡುವಂತಿಲ್ಲ, ಹಾಡಿದರೆ ಜೀವಕ್ಕೇ ಅಪಾಯ ಎಂದು ವೈದ್ಯರು ತಿಳಿಸಿದರು. ರೋಗ ವಾಸಿಯಾಗುವ ಹೊತ್ತಿಗೆ ಒಂದು ಶ್ವಾಸಕೋಶ ಕೆಲಸಕ್ಕೆ ಬಾರದಂತಾಗಿತ್ತು. ಉಳಿದ ಒಂದರ ಉಸಿರಿನಲ್ಲೇ ಅವರು ಸುಮಾರು ನಾಲ್ಕು ದಶಕ ಹಾಡಿದರು.

ಎದೆಯಲ್ಲಿ ಗಡ್ಡೆ ಕಂಡು, ಶ್ವಾಸಕೋಶದ ಒಂದು ಭಾಗವನ್ನು ಕತ್ತರಿಸಿ ತೆಗೆಯಬೇಕೆಂದು ವೈದ್ಯರು ಹೇಳಿದಾಗ ಇಂದಿನ ರೋಗಿಗಳನ್ನೂ ಅವರ ಮನೆಯವರನ್ನೂ ಕಾಡುವ ಪ್ರಶ್ನೆ ಒಂದೇ: ಉಳಿದ ಉಸಿರು ಬಾಳಿಗೆ ಸಾಲುವುದೇ? ಕುಮಾರರದು ಗಡ್ಡೆಯಲ್ಲ, ಕ್ಷಯ. ಎರಡರ ಚಿಕಿತ್ಸೆಯೂ ಬೇರೆ. ಆದರೆ ಆ ಪ್ರಶ್ನೆಗೆ ಗಾಯಕನೊಬ್ಬ ಉತ್ತರ ಕಂಡುಕೊಂಡ ಬಗೆಯನ್ನು ಅರಿಯಲು ಅವರ ಬದುಕಿಗಿಂತ ಹತ್ತಿರದ ಉದಾಹರಣೆ ಈ ಜಿಲ್ಲೆಯಲ್ಲಿ ಮತ್ತೊಂದಿಲ್ಲ.

ಬಾಲಕ ಶಿವಪುತ್ರನ ಪ್ರತಿಭೆ ಅಚ್ಚರಿ ಹುಟ್ಟಿಸುವಂಥದ್ದಾಗಿತ್ತು. ದೊಡ್ಡ ಗಾಯಕರ ಗ್ರಾಮಫೋನ್ ತಟ್ಟೆಗಳನ್ನು ಕೇಳಿ, ಅದರಲ್ಲಿದ್ದುದನ್ನು ಇದ್ದ ಹಾಗೆಯೇ ಹಾಡಿ ತೋರಿಸುತ್ತಿದ್ದ. ಏಳೆಂಟು ವರ್ಷದ ಹುಡುಗನ ಗಾಯನಕ್ಕೆ ಮನಸೋತ ಮಠಾಧೀಶರೊಬ್ಬರು ಕುಮಾರ ಗಂಧರ್ವ ಎಂದು ಕರೆದರು. ಆ ಬಿರುದೇ ಹೆಸರಾಯಿತು. ಮುಂದೆ ಮುಂಬಯಿಗೆ ತೆರಳಿ ಪ್ರೊ. ಬಿ.ಆರ್. ದೇವಧರರ ಸಂಗೀತ ಶಾಲೆಯಲ್ಲಿ ಕಲಿತರು, ಅಲ್ಲಿಯೇ ಕಲಿಸಿದರು. 1936ರಲ್ಲಿ ಮುಂಬಯಿಯ ಸಂಗೀತ ಸಮ್ಮೇಳನದಲ್ಲಿ ಹಾಡಿದಾಗ ಅವರಿಗಿನ್ನೂ ಹನ್ನೆರಡರ ಆಸುಪಾಸು. 1947ರಲ್ಲಿ ಅದೇ ಶಾಲೆಯಲ್ಲಿ ಕಲಿತ ಭಾನುಮತಿ ಅವರನ್ನು ವಿವಾಹವಾದರು. ಕೀರ್ತಿ ಕೈಗೆಟುಕುವ ದೂರದಲ್ಲಿತ್ತು. ಕಾಯಿಲೆ ಪತ್ತೆಯಾದದ್ದು ಆಗಲೇ.

ಮುಂಬಯಿಯ ತೇವದ ಹವೆ ಎದೆರೋಗಿಗೆ ಒಗ್ಗುವುದಿಲ್ಲ ಎಂಬ ಸಲಹೆಯಂತೆ ದಂಪತಿ 1948ರ ಆರಂಭದಲ್ಲಿ ಮಾಳವ ಪ್ರಾಂತದ ದೇವಾಸಕ್ಕೆ ತೆರಳಿದರು. ಅಂದಿನ ದಿನಗಳಲ್ಲಿ ಕ್ಷಯಕ್ಕೆ ಮದ್ದೆಂದರೆ ಒಣಹವೆ, ಪೌಷ್ಟಿಕ ಆಹಾರ ಮತ್ತು ಸಂಪೂರ್ಣ ವಿಶ್ರಾಂತಿ. ಡಾ. ನಾ.ಸು. ಹರ್ಡೀಕರರ ಹೆಸರಿನೊಂದಿಗೆ ಬೆಸೆದುಕೊಂಡಿರುವ ಕರ್ನಾಟಕ ಆರೋಗ್ಯಧಾಮ ಘಟಪ್ರಭೆಯಲ್ಲಿರುವುದರಿಂದ ಹವೆಯ ಮಹತ್ವ ಈ ಭಾಗದ ಹಿರಿಯರಿಗೆ ಹೊಸ ವಿಷಯವೇನಲ್ಲ.

ಹಾಸಿಗೆ ಹಿಡಿದದ್ದು ಒಂದೆರಡು ತಿಂಗಳಲ್ಲ, ಐದಾರು ವರ್ಷ. ಈ ಅವಧಿಯನ್ನು ಬರೆಯುವವರು ಅದನ್ನು ತಪಸ್ಸು ಎಂದು ಬಣ್ಣಿಸುವುದುಂಟು. ಆದರೆ ಮನೆಯ ಖರ್ಚು ತಪಸ್ಸಿನಿಂದ ನಡೆಯುವಂಥದ್ದಲ್ಲ. ಸ್ವತಃ ಗಾಯಕಿಯಾಗಿದ್ದ ಭಾನುಮತಿ ದೇವಾಸದ ಶಾಲೆಯಲ್ಲಿ ಶಿಕ್ಷಕಿಯಾಗಿ ದುಡಿದು ಸಂಸಾರ ನಡೆಸಿದರು, ಪತಿಯ ಶುಶ್ರೂಷೆಯನ್ನೂ ಮಾಡಿದರು. ಕುಮಾರರ ಚೇತರಿಕೆಯ ಕಥೆಯಲ್ಲಿ ಈ ಹೆಣ್ಣುಮಗಳ ಪಾಲನ್ನು ಒಂದು ಸಾಲಿನಲ್ಲಿ ಮುಗಿಸಿಬಿಡುವುದು ನ್ಯಾಯವಲ್ಲ. ಅವರ ದುಡಿಮೆಯಿಲ್ಲದೆ ಅಷ್ಟು ದೀರ್ಘ ವಿಶ್ರಾಂತಿ ದೊರೆಯುತ್ತಿರಲಿಲ್ಲ.

ಹಾಡಲಾಗದ ಗಾಯಕ ಕೇಳತೊಡಗಿದರು. ಕಿಟಕಿಯಾಚೆಯ ಗಾಳಿ, ಹಕ್ಕಿಗಳ ಕೂಗು, ಬೀದಿಯಲ್ಲಿ ನಿರ್ಗುಣ ಪದಗಳನ್ನು ಹಾಡುತ್ತ ಸಾಗುವ ನಾಥಪಂಥದ ಜೋಗಿಗಳು, ಹಬ್ಬ ಮದುವೆಗಳಲ್ಲಿ ಮಾಳವದ ಹೆಂಗಸರು ಹೇಳುವ ಜನಪದ ಗೀತೆಗಳು ಅವರ ಕಿವಿಗೆ ಬೀಳುತ್ತಿದ್ದವು. ಇತರರಿಗೆ ಕೇಳಿಸದಷ್ಟು ಮೆಲ್ಲಗೆ ತಮ್ಮಷ್ಟಕ್ಕೆ ಗುನುಗಿಕೊಳ್ಳುತ್ತಿದ್ದರಂತೆ. ರಾಗಗಳ ಬೇರು ಈ ಹಳ್ಳಿಯ ಧಾಟಿಗಳಲ್ಲಿದೆ ಎಂಬ ಅವರ ವಿಚಾರ ಮೊಳಕೆಯೊಡೆದದ್ದು ಇಲ್ಲಿ.

ಅವರನ್ನು ಉಳಿಸಿದ್ದು ಮಾತ್ರ ಔಷಧ. ಅಮೆರಿಕದಲ್ಲಿ ಸೆಲ್ಮನ್ ವಾಕ್ಸ್‌ಮನ್ ಅವರ ಪ್ರಯೋಗಾಲಯದಲ್ಲಿ ಆಲ್ಬರ್ಟ್ ಶಾಟ್ಜ್ 1943ರಲ್ಲಿ ಬೇರ್ಪಡಿಸಿದ ಸ್ಟ್ರೆಪ್ಟೊಮೈಸಿನ್ ಕ್ಷಯದ ಮೇಲೆ ಪರಿಣಾಮ ಬೀರಿದ ಮೊದಲ ಪ್ರತಿಜೀವಕ. 1952ರ ಸುಮಾರಿಗೆ ಅದು ಕುಮಾರರಿಗೆ ದೊರೆಯಿತು. ಅದೇ ವರ್ಷ ವಾಕ್ಸ್‌ಮನ್ನರಿಗೆ ನೊಬೆಲ್ ಪ್ರಶಸ್ತಿ ಬಂದದ್ದು ಒಂದು ಕಾಕತಾಳೀಯ. ರೋಗಾಣು ಸತ್ತರೂ ಅದು ಮಾಡಿದ ಗಾಯ ಉಳಿಯಿತು. ಒಂದು ಶ್ವಾಸಕೋಶ ನಿರುಪಯುಕ್ತವಾಗಿತ್ತು.

ಒಂದೇ ಶ್ವಾಸಕೋಶದಿಂದ ಬದುಕಬಹುದೆಂಬುದನ್ನು ಶಸ್ತ್ರವೈದ್ಯರು ಅದಾಗಲೇ ಕಂಡಿದ್ದರು. 1933ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಡಾ. ಎವರ್ಟ್ಸ್ ಗ್ರಹಾಂ ಅವರು ಕ್ಯಾನ್ಸರ್ ಪೀಡಿತ ವೈದ್ಯ ಜೇಮ್ಸ್ ಗಿಲ್ಮೋರ್ ಅವರ ಎಡ ಶ್ವಾಸಕೋಶವನ್ನು ಪೂರ್ತಿ ತೆಗೆದರು. ರೋಗಿ ಮೂವತ್ತು ವರ್ಷ ಬದುಕಿದರು. ಧೂಮಪಾನಿಯಾಗಿದ್ದ ಗ್ರಹಾಂ ಅವರೇ 1957ರಲ್ಲಿ ಶ್ವಾಸಕೋಶದ ಕ್ಯಾನ್ಸರಿಗೆ ಬಲಿಯಾದರು. ಬಲಗಡೆ ಮೂರು, ಎಡಗಡೆ ಎರಡು ಹಾಲೆಗಳಿರುವ ಶ್ವಾಸಕೋಶದಲ್ಲಿ ಒಂದು ಹಾಲೆಯನ್ನು ತೆಗೆದರೆ ಅದು ಮರಳಿ ಬೆಳೆಯುವುದಿಲ್ಲ. ಉಳಿದ ಭಾಗ ಹಿಗ್ಗಿ ಒಂದಿಷ್ಟು ಜಾಗ ತುಂಬಿಕೊಳ್ಳುತ್ತದೆ. ಮೆಟ್ಟಿಲು ಹತ್ತುವಾಗ ಕೆಲವು ತಿಂಗಳು ಏದುಸಿರು ಬರುವುದು ಸಾಮಾನ್ಯ. ಇಂದು ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಯ ಮರುದಿನದಿಂದಲೇ ರೋಗಿಯ ಕೈಗೆ ಮೂರು ಚೆಂಡುಗಳ ಉಸಿರಾಟದ ಉಪಕರಣ ಕೊಟ್ಟು ಗಾಳಿ ಎಳೆಯಿಸುವುದು, ದಿಂಬನ್ನು ಎದೆಗೊತ್ತಿ ಕೆಮ್ಮಿಸುವುದು, ವರಾಂಡದಲ್ಲಿ ನಡೆದಾಡಿಸುವುದು ಈ ಕಾರಣಕ್ಕೇ. ಕುಮಾರರಿಗೆ ಇಂಥ ಯಾವ ಉಪಕರಣವೂ ಇರಲಿಲ್ಲ. ಇದ್ದುದು ಎಳವೆಯಿಂದ ಪಳಗಿದ ಕಂಠ ಮತ್ತು ಅದಕ್ಕಿಂತ ಚುರುಕಾದ ಕಿವಿ.

1953ರಲ್ಲಿ ಅವರು ಮತ್ತೆ ವೇದಿಕೆಗೆ ಬಂದರು. ಹಿಂದಿನ ಗಾಯಕ ಅವರಲ್ಲಿ ಉಳಿದಿರಲಿಲ್ಲ. ಒಂದೇ ಉಸಿರಿನಲ್ಲಿ ಉದ್ದಕ್ಕೆ ಎಳೆಯುವ ಆಲಾಪದ ಜಾಗದಲ್ಲಿ ಚಿಕ್ಕ ಚಿಕ್ಕ ಸ್ವರಗುಚ್ಛಗಳು ಕಾಣಿಸಿದವು. ತಾರಸಪ್ತಕಕ್ಕೆ ಸಿಡಿಲಿನಂತೆ ಒಮ್ಮೆಲೇ ನೆಗೆದು, ಮರುಕ್ಷಣವೇ ಪಿಸುಮಾತಿಗೆ ಇಳಿಯುವ ದನಿ ಅದು. ನಡುವಿನ ಮೌನದಲ್ಲಿ ಉಸಿರು ತುಂಬಿಕೊಳ್ಳುತ್ತಿತ್ತು. ಆ ಮೌನ ರಾಗದ ಭಾಗವೇ ಆಗಿ ಕೇಳಿಸುತ್ತಿತ್ತು. ಅತಿ ನಿಖರವಾಗಿ ಶ್ರುತಿಗೊಂಡ ತಂಬೂರಿಗಳು ಆ ಖಾಲಿ ಜಾಗವನ್ನು ತುಂಬುತ್ತಿದ್ದವು.

ಈ ಶೈಲಿ ಪೂರ್ತಿ ಕಾಯಿಲೆಯ ಕೊಡುಗೆ ಎಂಬ ಮಾತು ಪ್ರಚಲಿತವಾಗಿದೆ. ಅದು ಅರ್ಧಸತ್ಯವೇ ಸರಿ. ಅನೇಕರು ಒಂದು ಶ್ವಾಸಕೋಶ ಕಳೆದುಕೊಂಡಿದ್ದಾರೆ, ಎಲ್ಲರೂ ಕುಮಾರ ಗಂಧರ್ವರಾಗಲಿಲ್ಲ. ಘರಾಣೆಯ ಕಟ್ಟುಪಾಡನ್ನು ಪ್ರಶ್ನಿಸುವ ಸ್ವಭಾವ ಅವರದು. ಉಸಿರಿನ ಮಿತಿ ಆ ಸ್ವಭಾವಕ್ಕೆ ಒಂದು ಅಳತೆ ಒದಗಿಸಿತು ಎನ್ನುವುದು ಹೆಚ್ಚು ಸರಿಯಾದೀತು. ಸಂಪ್ರದಾಯಸ್ಥರು ಅವರನ್ನು ಸುಮ್ಮನೆ ಬಿಡಲಿಲ್ಲ. ವಿಲಂಬಿತ ಖ್ಯಾಲಿಗೆ ಬೇಕಾದ ನಿಧಾನದ ವಿಸ್ತಾರ ಇವರಲ್ಲಿಲ್ಲ ಎಂಬ ಟೀಕೆ ಕೊನೆಯವರೆಗೂ ಇತ್ತು. ಟೀಕೆಯಲ್ಲಿ ಹುರುಳಿಲ್ಲದೆ ಇಲ್ಲ. ಮಧ್ಯ ಮತ್ತು ದ್ರುತ ಲಯದಲ್ಲಿ ಅವರು ಕಟ್ಟಿದ ಲೋಕವನ್ನು ಕೇಳಿದವರಿಗೆ ಆ ಕೊರತೆ ದೊಡ್ಡದೆನಿಸುವುದಿಲ್ಲ.

ಮುಂದಿನದು ಬಹುತೇಕರಿಗೆ ಗೊತ್ತಿರುವ ಇತಿಹಾಸ. ಜನಪದ ಧಾಟಿಗಳಿಂದ ಹೊಸ ರಾಗಗಳನ್ನು ರೂಪಿಸಿದರು. ಗಾಂಧೀಜಿ ನೆನಪಿನ ಗಾಂಧಿ ಮಲ್ಹಾರ ಅವರ ಸೃಷ್ಟಿ. ತಮ್ಮ ರಚನೆಗಳನ್ನು ‘ಅನೂಪ ರಾಗ ವಿಲಾಸ’ ಎಂಬ ಗ್ರಂಥವಾಗಿ ಪ್ರಕಟಿಸಿದರು. ಹಾಸಿಗೆಯಲ್ಲಿ ಮಲಗಿ ಕೇಳಿದ್ದ ಜೋಗಿಗಳ ಕಬೀರ ಪದಗಳನ್ನು ಸಭಾಗೃಹಗಳಿಗೆ ತಂದರು. 1961ರಲ್ಲಿ ಎರಡನೆಯ ಹೆರಿಗೆಯ ವೇಳೆ ಭಾನುಮತಿ ತೀರಿಕೊಂಡದ್ದು ಕಾಯಿಲೆಗಿಂತ ದೊಡ್ಡ ಪೆಟ್ಟು. ಬಳಿಕ ದೇವಧರರ ಶಾಲೆಯಲ್ಲೇ ಕಲಿತ ವಸುಂಧರಾ ಅವರು ಬಾಳಿನಲ್ಲೂ ವೇದಿಕೆಯಲ್ಲೂ ಜೊತೆಯಾದರು. 1977ರಲ್ಲಿ ಪದ್ಮಭೂಷಣ, 1990ರಲ್ಲಿ ಪದ್ಮವಿಭೂಷಣ ಪ್ರಶಸ್ತಿಗಳು ಸಂದವು.

1992ರ ಜನವರಿ 12ರಂದು ದೇವಾಸದಲ್ಲಿ ಅವರು ನಿಧನರಾದಾಗ 67 ವರ್ಷ ವಯಸ್ಸಾಗಿತ್ತು. ಮಗ ಮುಕುಲ ಶಿವಪುತ್ರ, ಮಗಳು ಕಲಾಪಿನಿ, ಮೊಮ್ಮಗ ಭುವನೇಶ ಮೂವರೂ ಗಾಯಕರು. ಬೆಳಗಾವಿಯ ರಂಗಮಂದಿರಕ್ಕೆ ಕುಮಾರ ಗಂಧರ್ವರ ಹೆಸರಿಡಲಾಗಿದೆ.