ಓಜೋನನ್ನು ಅಳೆದವನು

ನೆಲದಿಂದ ಸುಮಾರು 15ರಿಂದ 35 ಕಿಲೋಮೀಟರುಗಳ ಎತ್ತರದಲ್ಲಿ ಓಜೋನ್ ಎಂಬ ಅನಿಲವು ವಿರಳವಾಗಿ ಹರಡಿಕೊಂಡಿದೆ. ಅದನ್ನೆಲ್ಲ ನೆಲದ ಮಟ್ಟಕ್ಕೆ ತಂದು ಒತ್ತಿದರೆ ದೊರೆಯುವ ಪದರದ ದಪ್ಪ ಕೇವಲ 3 ಮಿಲಿಮೀಟರು. ಸೂರ್ಯನ ಅತಿನೇರಳೆ ಕಿರಣಗಳಿಂದ ಜೀವಕೋಟಿಯನ್ನು ಕಾಯುತ್ತಿರುವುದು ಇಷ್ಟು ತೆಳುವಾದ ಹೊದಿಕೆ! ಇದನ್ನು ಅಳೆಯುವುದರಲ್ಲಿಯೇ ಬಾಳಿನ ಬಹುಭಾಗವನ್ನು ಕಳೆದ ವಿಜ್ಞಾನಿ ಗಾರ್ಡನ್ ಡಾಬ್ಸನ್.

ಡಾಬ್ಸನ್ 1889ರಲ್ಲಿ ಇಂಗ್ಲೆಂಡಿನಲ್ಲಿ ಜನಿಸಿದನು. ಕೇಂಬ್ರಿಜ್‌ನಲ್ಲಿ ಓದಿ, 1920ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಹವಾವಿಜ್ಞಾನದ ಅಧ್ಯಾಪಕನಾದನು. ಲಿಂಡೆಮನ್ ಎಂಬ ಸಹೋದ್ಯೋಗಿಯೊಡನೆ ಉಲ್ಕೆಗಳನ್ನು ಅಭ್ಯಸಿಸುವಾಗ, ಸುಮಾರು 50 ಕಿಲೋಮೀಟರು ಎತ್ತರದಲ್ಲಿ ಗಾಳಿಯು ನಿರೀಕ್ಷೆಗಿಂತ ಬೆಚ್ಚಗಿರಬೇಕೆಂದು ಅವನಿಗೆ ತೋರಿತು. ಓಜೋನು ಸೂರ್ಯಕಿರಣಗಳನ್ನು ಹೀರುವುದೇ ಇದಕ್ಕೆ ಕಾರಣವಿರಬೇಕೆಂದು ಅವನು ಊಹಿಸಿದನು. ಊಹೆಯಷ್ಟರಿಂದಲೇ ತೃಪ್ತನಾಗುವ ಸ್ವಭಾವ ಅವನದಲ್ಲ. ಓಜೋನನ್ನು ಅಳೆಯುವ ಉಪಕರಣವನ್ನು 1924ರಲ್ಲಿ ತನ್ನ ಮನೆಯ ಪ್ರಯೋಗಶಾಲೆಯಲ್ಲಿ ತಾನೇ ನಿರ್ಮಿಸಿದನು. ಅಂತಹುದೇ ಉಪಕರಣಗಳು ಮೊದಲು ಯೂರೋಪಿನ ಹಲವೆಡೆಗೆ, ಅನಂತರ ದೂರದೇಶಗಳಿಗೆ ಹೋದವು. ನಮ್ಮ ಕೊಡೈಕೆನಾಲಿಗೂ ಒಂದು ಬಂದಿತು. ಅಲ್ಲೆಲ್ಲ ತೆಗೆದ ಛಾಯಾಫಲಕಗಳು ಆಕ್ಸ್‌ಫರ್ಡಿಗೆ ಮರಳಿ, ಅಲ್ಲಿಯೇ ಅಳತೆಗೊಳ್ಳುತ್ತಿದ್ದವು.

ಫಲಿತಾಂಶವು ವಿಚಿತ್ರವಾಗಿತ್ತು. ಓಜೋನು ಹೆಚ್ಚಾಗಿ ಹುಟ್ಟುವುದು ಬಿಸಿಲು ಪ್ರಖರವಾದ ಉಷ್ಣವಲಯದ ಮೇಲೆ. ಆದರೆ ಹೆಚ್ಚಾಗಿ ಕಂಡುದು ಧ್ರುವಗಳತ್ತ, ಅದೂ ವಸಂತದಲ್ಲಿ. ಉಷ್ಣವಲಯದಲ್ಲಿ ಮೇಲೇರಿದ ಗಾಳಿಯು ನಿಧಾನವಾಗಿ ಧ್ರುವಗಳತ್ತ ಸಾಗಿ ಕೆಳಗಿಳಿಯುತ್ತಿರಬೇಕೆಂದು ಡಾಬ್ಸನ್ ತರ್ಕಿಸಿದನು. ಮುಂದೆ ಬ್ರೂವರ್ ಎಂಬಾತನು ನೀರಾವಿಯ ಅಳತೆಗಳಿಂದ ಇಂತಹುದೇ ತೀರ್ಮಾನಕ್ಕೆ ಬಂದನು. ಈ ಪರಿಚಲನೆಯು ಇಂದು ಇಬ್ಬರ ಹೆಸರನ್ನೂ ಹೊತ್ತಿದೆ.

1956ರಲ್ಲಿ ಡಾಬ್ಸನ್ನನ ಉಪಕರಣವೊಂದು ಅಂಟಾರ್ಕ್ಟಿಕದ ಹ್ಯಾಲಿ ಕೊಲ್ಲಿಯನ್ನು ಮುಟ್ಟಿತು. ಉತ್ತರದ ಸ್ಪಿಟ್ಸ್‌ಬರ್ಗನ್ನಿನ ಅಳತೆಗಳು ಆಗಲೇ ತಿಳಿದಿದ್ದವು. ಆರು ತಿಂಗಳ ಅಂತರದಲ್ಲಿ ದಕ್ಷಿಣದಲ್ಲಿಯೂ ಹಾಗೆಯೇ ಇದ್ದೀತೆಂದು ಎಲ್ಲರ ಎಣಿಕೆ. ತಂತಿಯ ಮೂಲಕ ಬಂದ ಸೆಪ್ಟೆಂಬರ್, ಅಕ್ಟೋಬರ್ ಅಂಕಿಗಳಾದರೋ ಸುಮಾರು 150 ಏಕಮಾನಗಳಷ್ಟು ಕಡಿಮೆಯಾಗಿದ್ದವು! ಉಪಕರಣ ಕೆಟ್ಟಿತೇ? ವೀಕ್ಷಕನು ತಪ್ಪಿದನೇ? ನವೆಂಬರಿನಲ್ಲಿ ಅಂಕಿಗಳು ಥಟ್ಟನೆ ಮೇಲೇರಿದವು. ಮರುವರ್ಷವೂ ಇದೇ ಕ್ರಮ ಮರುಕಳಿಸಿದಾಗ ಸಂಶಯ ತೀರಿತು. ದಕ್ಷಿಣ ಧ್ರುವವನ್ನು ಸುತ್ತುವ ಚಳಿಗಾಲದ ಗಾಳಿಯ ಸುಳಿಯು ವಸಂತದವರೆಗೂ ಒಡೆಯದೆ, ಹೊರಗಿನ ಓಜೋನನ್ನು ಒಳಬಿಡದೆ ಇತ್ತು. ಇದು ನಿಸರ್ಗದ ಕ್ರಮವೇ ಹೊರತು ಹಾನಿಯಾಗಿರಲಿಲ್ಲ.

ಹಾನಿಯನ್ನು ಕಾಣಲು ಡಾಬ್ಸನ್ ಉಳಿಯಲಿಲ್ಲ, 1976ರಲ್ಲಿ ತೀರಿಕೊಂಡನು. ಹ್ಯಾಲಿಯಲ್ಲಿ ಅಳತೆ ಮಾತ್ರ ನಿಲ್ಲಲಿಲ್ಲ. 1950ರ ದಶಕದಲ್ಲಿ 300ರ ಸುಮಾರಿನಲ್ಲಿದ್ದ ಅಕ್ಟೋಬರ್ ಸರಾಸರಿಯು 200ರ ಹತ್ತಿರಕ್ಕೆ ಕುಸಿದುದನ್ನು 1985ರಲ್ಲಿ ಫಾರ್ಮನ್ ಮತ್ತು ಸಂಗಡಿಗರು ಪ್ರಕಟಿಸಿದರು. ಮನುಷ್ಯನು ತಯಾರಿಸಿದ ಕ್ಲೋರೋಫ್ಲೋರೋಕಾರ್ಬನ್ನುಗಳಿಂದ ಬಂದ ಕ್ಲೋರಿನ್ ಇದಕ್ಕೆ ಕಾರಣವಾಗಿತ್ತು. 1987ರ ಮಾಂಟ್ರಿಯಲ್ ಒಪ್ಪಂದವು ಅವುಗಳ ಬಳಕೆಗೆ ಕಡಿವಾಣ ಹಾಕಿತು.

ಇಂದು ಇನ್ನೊಂದು ತೊಡಕಿದೆ. ಇಂಗಾಲದ ಡೈಆಕ್ಸೈಡು ನೆಲವನ್ನು ಬಿಸಿ ಮಾಡುತ್ತದೆ, ಓಜೋನಿರುವ ಮೇಲುಸ್ತರವನ್ನು ತಣ್ಣಗಾಗಿಸುತ್ತದೆ. ಧ್ರುವದ ಇರುಳಿನಲ್ಲಿ ಅಲ್ಲಿನ ತಾಪ ಸುಮಾರು −78 ಡಿಗ್ರಿಗಿಂತ ಇಳಿದರೆ ಮೋಡಗಳು ಕಟ್ಟುತ್ತವೆ. ಓಜೋನನ್ನು ನಾಶಮಾಡುವ ರೂಪಕ್ಕೆ ಕ್ಲೋರಿನ್ ತಿರುಗುವುದು ಆ ಮೋಡಗಳ ಕಣಗಳ ಮೇಲೆಯೇ. 2020ರ ವಸಂತದಲ್ಲಿ, ಗಾಳಿಯ ಸುಳಿಯು ಬಹುಕಾಲ ಬಲವಾಗಿ, ತಣ್ಣಗೆ ಉಳಿದುದರಿಂದ, ಉತ್ತರ ಧ್ರುವದ ಮೇಲೂ ಓಜೋನು ಅಪಾರವಾಗಿ ನಶಿಸಿತು. ಅತ್ತ, ಭೂಮಿಯು ಬಿಸಿಯಾದಂತೆ ಬ್ರೂವರ್-ಡಾಬ್ಸನ್ ಪರಿಚಲನೆಯು ಚುರುಕಾಗಿ ಧ್ರುವಗಳತ್ತ ಹೆಚ್ಚು ಓಜೋನನ್ನು ಒಯ್ಯಬಹುದೆಂದೂ ಗಣನೆಗಳು ತೋರಿಸುತ್ತವೆ. ಈ ಏರಿಳಿತವನ್ನೆಲ್ಲ ವಿಜ್ಞಾನಿಗಳು ಬರೆದಿಡುತ್ತಿರುವುದು ಡಾಬ್ಸನ್ ಏಕಮಾನದಲ್ಲಿ. ಅಂತಹ ಒಂದು ಏಕಮಾನವೆಂದರೆ ಮಿಲಿಮೀಟರಿನ ನೂರನೆಯ ಒಂದು ಭಾಗ.