ಜಿ. ಡಿ. ನಾಯ್ಡು: ನಷ್ಟದ ನಂತರದ ದಾರಿ

ಶತಮಾನೋತ್ಸವದ ಈ ಸಂದರ್ಭದಲ್ಲಿ ಶಾಲೆಯಲ್ಲಿ ಗೆದ್ದವರನ್ನು ನೆನೆಯುವುದು ಸಹಜ. ಶಾಲೆಯ ಓದಿಗೆ ಒಗ್ಗದ, ಮೊದಲ ದೊಡ್ಡ ವ್ಯಾಪಾರದಲ್ಲಿ ಕೈಸುಟ್ಟುಕೊಂಡ ಒಬ್ಬ ಮಹನೀಯರನ್ನೂ ನಾವು ಸ್ಮರಿಸಬಯಸುತ್ತೇವೆ. ಅವರೇ ಕೊಯಮತ್ತೂರಿನ ಜಿ. ಡಿ. ನಾಯ್ಡು.

ಗೋಪಾಲಸ್ವಾಮಿ ದೊರೈಸ್ವಾಮಿ ನಾಯ್ಡು ಅವರು 1893ರ ಮಾರ್ಚ್ 23ರಂದು ಕೊಯಮತ್ತೂರಿನ ಸಮೀಪದ ಕಲಂಗಲ್ ಗ್ರಾಮದಲ್ಲಿ ಜನಿಸಿದರು. ಶಾಲೆಯ ಪಾಠ ಅವರನ್ನು ಹಿಡಿದಿಡಲಿಲ್ಲ. ಆಂಗ್ಲ ಅಧಿಕಾರಿಯೊಬ್ಬರ ರಡ್ಜ್ ಮೋಟಾರ್ ಸೈಕಲ್ ಅವರ ಮನಸೆಳೆಯಿತು. ಅದನ್ನು ಕೊಳ್ಳಲೆಂದೇ ಕೊಯಮತ್ತೂರಿನ ಹೋಟೆಲಿನಲ್ಲಿ ದುಡಿದು ಹಣ ಕೂಡಿಸಿದರು. ಕೊಂಡ ಮೇಲೆ ಅದನ್ನು ಬಿಡಿಬಿಡಿಯಾಗಿ ಕಳಚಿ, ಮತ್ತೆ ಜೋಡಿಸಿ, ಯಂತ್ರದ ಮರ್ಮವನ್ನು ತಾವೇ ಕಲಿತರು.

ಮೊದಲ ಮಹಾಯುದ್ಧದ ಕಾಲದಲ್ಲಿ ತಿರುಪ್ಪೂರಿನಲ್ಲಿ ಅರಳೆಯಿಂದ ಬೀಜ ಬೇರ್ಪಡಿಸುವ ಜಿನ್ನಿಂಗ್ ಕಾರ್ಖಾನೆ ನಡೆಸಿ ಚೆನ್ನಾಗಿ ಗಳಿಸಿದರು. ಆ ಧೈರ್ಯದಿಂದ ಮುಂಬಯಿಗೆ ತೆರಳಿ ಹತ್ತಿಯ ವ್ಯಾಪಾರಕ್ಕೆ ಕೈಹಾಕಿದರು. ಅಲ್ಲಿ ಗಳಿಸಿದ್ದೆಲ್ಲ ಕರಗಿತು. ಬರಿಗೈಯಲ್ಲಿ ಊರಿಗೆ ಮರಳಬೇಕಾಯಿತು.

ಹಣ ಹೋಗಿತ್ತು, ಕಲಿತ ವಿದ್ಯೆ ಹೋಗಿರಲಿಲ್ಲ. ಉದ್ಯಮಿ ರಾಬರ್ಟ್ ಸ್ಟೇನ್ಸ್ ಅವರ ನೆರವಿನಿಂದ ಬಸ್ಸೊಂದನ್ನು ಕೊಂಡು, 1920ರಲ್ಲಿ ಪೊಳ್ಳಾಚಿ ಮತ್ತು ಪಳನಿಯ ನಡುವೆ ತಾವೇ ಚಾಲಕರಾಗಿ ಓಡಿಸಿದರು. ಆ ಒಂದೇ ಬಸ್ಸಿನಿಂದ ಯೂನಿವರ್ಸಲ್ ಮೋಟಾರ್ ಸರ್ವಿಸ್ ಬೆಳೆಯಿತು. 1937ರಲ್ಲಿ ಡಿ. ಬಾಲಸುಂದರಂ ಅವರೊಡಗೂಡಿ ವಿದ್ಯುತ್ ಮೋಟಾರನ್ನು ನಮ್ಮ ದೇಶದಲ್ಲಿಯೇ ತಯಾರಿಸಿದರು. 1952ರಲ್ಲಿ ಕೇವಲ 2,000 ರೂಪಾಯಿಯ, ಇಬ್ಬರು ಕೂರಬಹುದಾದ ಪೆಟ್ರೋಲ್ ಕಾರನ್ನು ರೂಪಿಸಿದರು. ಸರ್ಕಾರದ ಪರವಾನಗಿ ದೊರೆಯದೆ ಅದರ ತಯಾರಿಕೆ ನಿಂತುಹೋಯಿತು. ಸೋಲು ಎರಡನೆಯ ಬಾರಿಯೂ ಬಂದಿತ್ತು. ಅವರ ಪ್ರಯೋಗಗಳು ಮಾತ್ರ ನಿಲ್ಲಲಿಲ್ಲ.

ಶಾಲೆಯ ಓದನ್ನು ಅರ್ಧಕ್ಕೆ ಬಿಟ್ಟ ಇವರೇ 1945ರಲ್ಲಿ ಕೊಯಮತ್ತೂರಿನಲ್ಲಿ ಆರ್ಥರ್ ಹೋಪ್ ಪಾಲಿಟೆಕ್ನಿಕ್ ಸ್ಥಾಪನೆಗೆ ಕಾರಣರಾದರು. 1974ರ ಜನವರಿ 4ರಂದು ಅವರು ನಿಧನರಾದರು.

ಅನುತ್ತೀರ್ಣ ಎಂದು ಅಂಕಪಟ್ಟಿಯಲ್ಲಿ ನಾವೂ ಬರೆದಿದ್ದೇವೆ. ಬರೆಯುವುದು ನಮ್ಮ ಕರ್ತವ್ಯ. ಆದರೆ ಆ ಪದವೇ ಮಗುವಿನ ಕುರಿತು ನಮ್ಮ ಕೊನೆಯ ಮಾತಾಗಬಾರದು. ಬರಿಗೈಯಲ್ಲಿ ಮರಳಿದ ನಾಯ್ಡು ಅವರಿಗೆ ನಂಬಿ ನೆರವಾಗುವ ಒಬ್ಬರು ದೊರೆತರು. ಸೋತು ಮನೆಗೆ ಬಂದ ಮಗುವಿಗೆ ಅಂಥ ಒಬ್ಬರು ನಾವಾಗಬೇಕು. ಪೋಷಕರಲ್ಲಿ, ಹಳೆಯ ವಿದ್ಯಾರ್ಥಿಗಳಲ್ಲಿ, ಸಹೋದ್ಯೋಗಿಗಳಲ್ಲಿ ನಮ್ಮ ವಿನಂತಿ ಇಷ್ಟೇ.