ಫೌಸ್ಟೀನಾ ಚಕ್ರವರ್ತಿನಿ

ರೋಮ್ ಸಾಮ್ರಾಜ್ಯದ ರಾಣಿಯರಲ್ಲಿ ಹಿರಿಯ ಫೌಸ್ಟೀನಾ ಎಂಬಾಕೆಯು ಬದುಕಿದ್ದಾಗ ಪಡೆದುದಕ್ಕಿಂತ ಹೆಚ್ಚಿನ ಕೀರ್ತಿಯನ್ನು ಮರಣಾನಂತರ ಪಡೆದಳು. ಈಕೆಯು ಕ್ರಿ.ಶ. 100ರ ಸುಮಾರಿಗೆ ಜನಿಸಿದಳು. ತಂದೆಯಾದ ಮಾರ್ಕಸ್ ಆನಿಯಸ್ ವೇರಸನು ಮೂರಾವರ್ತಿ ಕಾನ್ಸಲ್ ಪದವಿಯನ್ನು ವಹಿಸಿದವನು. ಯುಕ್ತವಯಸ್ಸಿನಲ್ಲಿ ಆಕೆಯು ಆಂಟೊನೈನಸನೆಂಬ ಸತ್ಪುರುಷನ ಕೈಹಿಡಿದಳು. ಆ ದಂಪತಿಗಳಿಗೆ ಇಬ್ಬರು ಪುತ್ರರೂ ಇಬ್ಬರು ಪುತ್ರಿಯರೂ ಹುಟ್ಟಿದರು. ಆದರೆ 138ರಲ್ಲಿ ಪತಿಯು ಸಿಂಹಾಸನವನ್ನೇರುವಾಗ ಬದುಕುಳಿದಿದ್ದವಳು ತಾಯಿಯ ಹೆಸರನ್ನೇ ಹೊತ್ತ ಕಿರಿಯ ಮಗಳೊಬ್ಬಳೇ. ಸೆನೆಟ್ ಸಭೆಯು ಫೌಸ್ಟೀನಾಳಿಗೆ ಆಗಸ್ಟಾ ಎಂಬ ಬಿರುದನ್ನಿತ್ತಿತು. ಆ ವೈಭವವನ್ನು ಅವಳು ಬಹುಕಾಲ ಅನುಭವಿಸಲಿಲ್ಲ, 140ರಲ್ಲಿ ಕಾಲವಾದಳು.

ಆಂಟೊನೈನಸನು ಅನಂತರ ಇಪ್ಪತ್ತು ವರ್ಷ ಆಳಿದನು, ಮರುವಿವಾಹವಾಗಲಿಲ್ಲ. ಅಂದಿನ ಪದ್ಧತಿಯಂತೆ ಸೆನೆಟ್ ಸಭೆಯು ಆಕೆಯನ್ನು ದೇವತೆಗಳ ಸಾಲಿಗೆ ಸೇರಿಸಿತು. ರೋಮಿನ ಫೋರಂ ಎಂಬ ಚೌಕದಲ್ಲಿ ಆಕೆಗೆ ಗುಡಿಯೊಂದೆದ್ದಿತು. ಬಂಗಾರ, ಬೆಳ್ಳಿ, ಕಂಚುಗಳಲ್ಲಿ ಆಕೆಯ ಮುಖಮುದ್ರೆಯ ನಾಣ್ಯಗಳು ಹೇರಳವಾಗಿ ಹೊರಟವು. ಔರಿಯಸ್ ಎಂಬ ಬಂಗಾರದ ನಾಣ್ಯವು ಸುಮಾರು ಏಳು ಗ್ರಾಂ ತೂಗುತ್ತದೆ.

ಇಂತಹ ನಾಣ್ಯವು ಕೈಸೇರಿದರೆ ಅದು ತಾಯಿಯದೋ ಮಗಳದೋ ಎಂಬ ಸಂದೇಹವುಂಟಾಗುವುದು ಸಹಜ. ಏಕೆಂದರೆ 175ರ ಸುಮಾರಿಗೆ ತೀರಿಕೊಂಡ ಮಗಳಿಗೂ ಅದೇ ದೈವಪದವಿಯು ದೊರೆಯಿತು. ದೀವಾ ಫೌಸ್ಟೀನಾ ಎಂಬ ಅಕ್ಷರಗಳನ್ನಷ್ಟೇ ಓದಿ ನಿರ್ಣಯಿಸಲಾಗದು. ಮಗಳ ನಾಣ್ಯದಲ್ಲಿ ಹೆಸರಿನ ಮುಂದೆ ಸಾಮಾನ್ಯವಾಗಿ ಪಿಯಾ ಎಂಬ ಪದವಿರುತ್ತದೆ. ತಾಯಿಯ ಹೆರಳು ನೆತ್ತಿಯ ಮೇಲೆ ಸುತ್ತಿ ಕಟ್ಟಿದ್ದು. ಮಗಳದು ಹೆಚ್ಚಾಗಿ ಹಿಂದಲೆಯಲ್ಲಿ ಗಂಟಿಕ್ಕಿದ್ದು. ತಾಯಿಯ ನಾಣ್ಯಗಳ ಹಿಂಬದಿಯಲ್ಲಿ ನಿತ್ಯತ್ವದ ಮೂರ್ತಿಯೋ, ಧಾನ್ಯದೇವಿಯೋ, ನವಿಲೋ ಕಾಣುವುದುಂಟು.

ಆದರೆ ಅವೆಲ್ಲಕ್ಕಿಂತ ಅಪರೂಪವಾದ ನಾಣ್ಯವೊಂದುಂಟು. ಅದರ ಹಿಂಬದಿಯಲ್ಲಿ ಫೌಸ್ಟೀನಾಳ ಬಾಲಿಕೆಯರು ಎಂಬರ್ಥದ ಲಿಪಿಯಿದೆ. ಪತ್ನಿಯ ನೆನಪಿಗಾಗಿ ಚಕ್ರವರ್ತಿಯು ಬಡ ಹೆಣ್ಣುಮಕ್ಕಳ ಪೋಷಣೆಗೆಂದು ಸ್ಥಾಪಿಸಿದ ಧರ್ಮನಿಧಿಯ ಗುರುತದು. ಹಿಂದೆ ಟ್ರಾಜನ್ ಚಕ್ರವರ್ತಿಯ ಕಾಲದ ಇಂತಹದೇ ನಿಧಿಯೊಂದರಲ್ಲಿ ಗಂಡುಮಗುವಿಗೆ ತಿಂಗಳಿಗೆ 16 ಸೆಸ್ಟರ್ಸ್ ನಾಣ್ಯಗಳೂ ಹೆಣ್ಣುಮಗುವಿಗೆ 12 ಮಾತ್ರವೂ ಸಲ್ಲುತ್ತಿದ್ದುವು; ಅದನ್ನು ಪಡೆದ ಹುಡುಗಿಯರೂ ಕೆಲವರೇ. ಹುಡುಗಿಯರಿಗೆಂದೇ ಮೀಸಲಾದ ಈ ನಿಧಿಯ ಬೆಲೆಯು ಇದರಿಂದ ತಿಳಿಯುತ್ತದೆ.

ಆಕೆಯ ಗುಡಿಯು ಕಾಲಾಂತರದಲ್ಲಿ ಸಂತ ಲಾರೆನ್ಸನ ದೇವಾಲಯವಾಯಿತು. ಅದರ ಕಂಬಗಳು ಇಂದಿಗೂ ನಿಂತಿವೆ. ಮನುಷ್ಯರನ್ನು ದೇವರೆಂದು ಪೂಜಿಸುವ ಪದ್ಧತಿಯನ್ನು ನಾವು ಒಪ್ಪುವವರಲ್ಲ. ಆ ಪೂಜೆಯೂ ಅಳಿದುಹೋಯಿತು. ಆದರೆ ಅಗಲಿದವಳ ಹೆಸರಿನಲ್ಲಿ ಬಡ ಬಾಲಿಕೆಗೆ ಅನ್ನವಿಕ್ಕಿದ ಪ್ರೀತಿಯನ್ನು ಯಾರು ಅಲ್ಲಗಳೆಯುವರು? ತಾಯಿಯ ಅಥವಾ ಸೋದರಿಯ ಸ್ಮರಣಾರ್ಥವಾಗಿ ಬಡ ವಿದ್ಯಾರ್ಥಿನಿಯೊಬ್ಬಳ ಶುಲ್ಕವನ್ನು ತೆರುವ ಹಳೆಯ ವಿದ್ಯಾರ್ಥಿನಿಯರು ಆ ಪ್ರೀತಿಯನ್ನು ಚೆನ್ನಾಗಿ ಬಲ್ಲರು.